ನಂಬಿಕೆಯ ಪತ್ರವೋ, ಕೊರಳಿನ ಕುಣಿಕೆಯೋ?

“ಸಾಲಗಾರ ಒಪ್ಪಿ, ಕೈಯಾರೆ ರುಜು ಹಾಕಿದ್ದಾನೆ. ಇನ್ನು ಅವನ ಮನೆ ಹರಾಜಾದರೆ ಅನ್ಯಾಯವೆಲ್ಲಿ ಬಂತು?” ಸಾಲ ಕೊಡುವವರ ಪರ ವಹಿಸುವ ಪಂಡಿತರು ಈ ಮಾತು ಆಡಿದಾಗಲೆಲ್ಲ ಅಮೆರಿಕದ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿ ಕರಾರು ಪವಿತ್ರ, ಅದರಿಂದಲೇ ಆ ದೇಶ ಸಂಪದ್ಭರಿತ ಎನ್ನುತ್ತಾರೆ. ಆಗಲಿ, ಅಮೆರಿಕವನ್ನೇ ನೋಡೋಣ. ಆದರೆ ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳನ್ನಲ್ಲ; 19ನೆಯ ಶತಮಾನದಲ್ಲಿ ಅಲ್ಲಿನ ಹಳ್ಳಿಗಾಡಿನ ಕಚೇರಿಗಳಲ್ಲಿ ದಾಖಲಾದ ಸ್ವತ್ತಿನ ಪತ್ರಗಳನ್ನು.

ವರ್ಜೀನಿಯಾ, ಉತ್ತರ ಕೆರೊಲಿನಾ, ಟೆನೆಸ್ಸಿ ಮುಂತಾದ ರಾಜ್ಯಗಳಲ್ಲಿ ಸಾಲದ ಭದ್ರತೆಗೆ ಬರೆಸಿಕೊಳ್ಳುತ್ತಿದ್ದ ಕಾಗದದ ಹೆಸರು ‘ನಂಬಿಕೆಯ ಪತ್ರ’. ಹೆಸರು ಎಷ್ಟು ಇಂಪು! ಒಳಗಿನ ಹೂರಣ ನೋಡಿ. ರೈತ ತನ್ನ ಜಮೀನನ್ನು ಸಾಲ ಕೊಟ್ಟವನಿಗಲ್ಲ, ಮೂರನೆಯವನೊಬ್ಬನಿಗೆ, ಅನೇಕ ವೇಳೆ ಹೆಸರಿಗೆ 1 ಡಾಲರು ಪಡೆದಂತೆ ಕಾಣಿಸಿ, ಬರೆದುಕೊಡುತ್ತಿದ್ದ. ವಾಯಿದೆಗೆ ಸಾಲ ತೀರಿದರೆ ಪತ್ರ ರದ್ದು. ತೀರದಿದ್ದರೆ ಆ ಮೂರನೆಯವನು ಜಾಹೀರಾತು ಹಚ್ಚಿ, ನ್ಯಾಯಾಲಯದ ಬಾಗಿಲಲ್ಲಿ ಹರಾಜು ಕೂಗಿಸಿ ಮಾರಿಬಿಡಬಹುದು. ಹರಾಜು ನ್ಯಾಯಾಲಯದ ಬಾಗಿಲಲ್ಲಿ. ಆದರೆ ವಿಚಾರಣೆಗಾಗಿ ಯಾರೂ ಒಳಗೆ ಹೋಗಬೇಕಾಗಿರಲಿಲ್ಲ!

ಈ ಪತ್ರಗಳಲ್ಲಿ ಜಮೀನಷ್ಟೇ ಇರುತ್ತಿರಲಿಲ್ಲ. ಹಸು, ಕುದುರೆ, ಹಾಸಿಗೆ, ಅಡಿಗೆಯ ಪಾತ್ರೆ, ಹೊಲದಲ್ಲಿ ನಿಂತ ಜೋಳ, ಎಲ್ಲಕ್ಕೂ ಪಟ್ಟಿ. ಅಣ್ಣನ ಸಾಲಕ್ಕೆ ತಮ್ಮ, ಅಳಿಯನ ಸಾಲಕ್ಕೆ ಮಾವ ಜಾಮೀನು ನಿಲ್ಲುತ್ತಿದ್ದರು. ಒಬ್ಬನ ಬೆಳೆ ಕೆಟ್ಟರೆ ಇಡೀ ಕುಟುಂಬದ ಒಲೆ ಆರುತ್ತಿತ್ತು.

ಹೆಂಡತಿಯ ಪಾಡನ್ನು ಕೇಳಿ. ಹಳೆಯ ಇಂಗ್ಲಿಷ್ ಕಾಯಿದೆಯಂತೆ ಆಕೆ ತವರಿನಿಂದ ತಂದ ಚರಸ್ವತ್ತು ಗಂಡನದಾಗುತ್ತಿತ್ತು. ಗಂಡನ ಸಾಲಗಾರರು ಅದಕ್ಕೂ ಕೈ ಹಾಕಬಹುದಾಗಿತ್ತು. ವಿಧವೆಯಾದರೆ ಗಂಡನ ಜಮೀನಿನ ಮೂರನೆಯ ಒಂದು ಭಾಗವನ್ನು ಬದುಕಿರುವವರೆಗೆ ಅನುಭವಿಸುವ ಹಕ್ಕೊಂದು ಅವಳಿಗಿತ್ತು. ಅದನ್ನೂ ಬಿಟ್ಟುಕೊಡಲಿ ಎಂದು ಆಕೆಯ ರುಜು ಪಡೆಯುತ್ತಿದ್ದರು. ಎಷ್ಟೋ ರಾಜ್ಯಗಳಲ್ಲಿ ಅಧಿಕಾರಿಯು ಆಕೆಯನ್ನು ಗಂಡನಿಂದ ಬೇರೆ ಕರೆದು, “ಸ್ವಂತ ಇಚ್ಛೆಯಿಂದ ಒಪ್ಪಿದೆಯಾ?” ಎಂದು ಕೇಳಬೇಕೆಂಬ ನಿಯಮವಿತ್ತು. ಹೊರಗೆ ಗಂಡ, ಮನೆಯಲ್ಲಿ ಮಕ್ಕಳು, ಬಿತ್ತನೆಗೆ ಬೀಜವಿಲ್ಲ. ಇಂಥವಳ ‘ಸ್ವಂತ ಇಚ್ಛೆ’ ಎಂಥದು ಎಂದು ಕರಾರಿನ ಪೂಜಾರಿಗಳು ನಮಗೆ ತಿಳಿಸಬೇಕು.

1839ರಲ್ಲಿ ಮಿಸಿಸಿಪ್ಪಿ ರಾಜ್ಯ ಹೆಂಡತಿಯ ಸ್ವತ್ತಿಗೆ ರಕ್ಷಣೆ ಕೊಟ್ಟಿತು. ಆದರೆ ಆ ಕಾಯಿದೆ ಮುಖ್ಯವಾಗಿ ಕಾಪಾಡಿದ ‘ಸ್ವತ್ತು’ ಯಾವುದು? ಗುಲಾಮರು! ಮನುಷ್ಯರನ್ನೇ ಅಡವಿಡುತ್ತಿದ್ದ ದೇಶವದು. ಮಾನವರೆಲ್ಲ ಸಮಾನರೆಂದು ಘೋಷಣೆ ಬರೆದ ಥಾಮಸ್ ಜೆಫರ್ಸನ್ 1826ರ ಜುಲೈ 4ರಂದು ತೀರಿಕೊಂಡಾಗ ಅವನ ಸಾಲ 1 ಲಕ್ಷ ಡಾಲರು ಮೀರಿತ್ತು. 1827ರ ಜನವರಿಯಲ್ಲಿ ಅವನ ಮಾಂಟಿಚೆಲ್ಲೊ ತೋಟದಲ್ಲಿ 130 ಗುಲಾಮರು ಹರಾಜಿಗಿದ್ದಾರೆಂದು ಜಾಹೀರಾತಾಯಿತು. ಸಾಲ ಯಜಮಾನನದು, ತಾಯಿಯಿಂದ ಅಗಲಿದ್ದು ಗುಲಾಮರ ಮಕ್ಕಳು.

1865ರಲ್ಲಿ ಗುಲಾಮಗಿರಿ ಅಳಿಯಿತು, ಸಾಲದ ಕಾಗದ ಉಳಿಯಿತು. ಜಮೀನಿಲ್ಲದ ಕರಿಯ ರೈತನೂ ಬಡ ಬಿಳಿಯ ರೈತನೂ ಇನ್ನೂ ಬೆಳೆಯದ ಹತ್ತಿಯನ್ನು ಅಂಗಡಿಯವನಿಗೆ ಬರೆದುಕೊಟ್ಟು ಹಿಟ್ಟು, ಗೊಬ್ಬರ ತರುತ್ತಿದ್ದರು. ನಗದಿಗೊಂದು ದರ, ಉದ್ರಿಗೆ ಇನ್ನೊಂದು. ನಮ್ಮ ಚಿಲ್ಲರೆ ವ್ಯಾಪಾರಿ ಬಂಧುಗಳು ಇಲ್ಲೊಂದು ಮಾತು ಗಮನಿಸಬೇಕು. ಆ ಹಳ್ಳಿಯ ಅಂಗಡಿಕಾರ ತಾನೂ ಪೇಟೆಯ ಸಗಟು ವ್ಯಾಪಾರಿಗೆ, ಬ್ಯಾಂಕಿಗೆ ಸಾಲಗಾರನಾಗಿದ್ದ. ರೈತನ ಕೊರಳಿನ ಹಗ್ಗದ ಒಂದು ತುದಿ ಅವನ ಕೈಯಲ್ಲಿದ್ದರೆ, ಇನ್ನೊಂದು ಹಗ್ಗ ಅವನ ಕೊರಳಿಗೇ ಇತ್ತು.

“ಕರಾರಿಗೆ ಸರ್ಕಾರ ಕೈ ಹಚ್ಚಬಾರದು” ಎನ್ನುವವರಿಗೆ ನಮ್ಮ ಉತ್ತರ ಇದೇ ಇತಿಹಾಸದಲ್ಲಿದೆ. 1839ರಲ್ಲೇ ಟೆಕ್ಸಸ್ 50 ಎಕರೆ ಅಥವಾ ಪಟ್ಟಣದ ಒಂದು ನಿವೇಶನವನ್ನೂ ದುಡಿಮೆಯ ಸಲಕರಣೆಗಳನ್ನೂ 5 ಹಸುಗಳನ್ನೂ ಸಾಲದ ಜಪ್ತಿಯಿಂದ ಹೊರಗಿಟ್ಟಿತು. 1841ರಲ್ಲಿ ಇಲಿನಾಯ್ ರಾಜ್ಯ, ಹರಾಜಾದ ಜಮೀನನ್ನು 12 ತಿಂಗಳೊಳಗೆ ಬಿಡಿಸಿಕೊಳ್ಳುವ ಹಕ್ಕನ್ನು ಸಾಲಗಾರನಿಗೆ ಕೊಟ್ಟಿತು. 1843ರಲ್ಲಿ ಸುಪ್ರೀಂ ಕೋರ್ಟು, ಹಿಂದೆಯೇ ಆದ ಅಡಮಾನಗಳಿಗೆ ಇದನ್ನು ಅನ್ವಯಿಸುವುದು ಕರಾರಿಗೆ ಭಂಗವೆಂದು ತಳ್ಳಿಹಾಕಿತು. ರೈತರು ಸುಮ್ಮನೆ ಕೂರಲಿಲ್ಲ. ಕೂಟ ಕಟ್ಟಿದರು, ಪಕ್ಷ ಕಟ್ಟಿದರು. 1892ರ ಅಧ್ಯಕ್ಷ ಚುನಾವಣೆಯಲ್ಲಿ ಅವರ ಜನತಾ ಪಕ್ಷಕ್ಕೆ 10 ಲಕ್ಷಕ್ಕೂ ಮೀರಿ ಮತ ಬಂತು. 1930ರ ದಶಕದ ಮುಗ್ಗಟ್ಟಿನಲ್ಲಿ ನೆರೆಯವರು ಹರಾಜಿಗೆ ಗುಂಪಾಗಿ ಬಂದು, ಕೆಲವೇ ಸೆಂಟುಗಳಿಗೆ ಕೂಗಿ, ಮಾಲನ್ನು ಹಿಂದಕ್ಕೆ ರೈತನಿಗೇ ಕೊಟ್ಟರು. 1933ರಲ್ಲಿ ಮಿನ್ನೆಸೋಟ ಸಾಲಗಾರನಿಗೆ ಹೆಚ್ಚಿನ ವಾಯಿದೆ ಕೊಡುವ ಕಾಯಿದೆ ಮಾಡಿತು. 1934ರಲ್ಲಿ ಅದೇ ಸುಪ್ರೀಂ ಕೋರ್ಟು 5ಕ್ಕೆ 4 ಮತಗಳಿಂದ ಅದನ್ನು ಎತ್ತಿಹಿಡಿಯಿತು. ಕರಾರಿನ ಪಾವಿತ್ರ್ಯ ಅಷ್ಟರಲ್ಲಿ ಎಲ್ಲಿ ಹೋಯಿತು? ಎಲ್ಲಿಯೂ ಹೋಗಲಿಲ್ಲ, ಅದರೆದುರು ಜನರ ಸಂಘಟನೆ ಬಂದು ನಿಂತಿತು.

ಸಾಲ ತೀರಿಸಬಾರದೆಂದು ನಾವು ಹೇಳುತ್ತಿಲ್ಲ. ಮಿನ್ನೆಸೋಟದಲ್ಲಿಯೂ ಸಾಲ ರದ್ದಾಗಲಿಲ್ಲ. ಹೆಚ್ಚಿನ ಅವಧಿಯಲ್ಲಿ ಕೋರ್ಟು ಗೊತ್ತುಮಾಡಿದ ಬಾಡಿಗೆಯನ್ನು ಸಾಲಗಾರ ಕಟ್ಟಬೇಕಿತ್ತು. ಪ್ರಶ್ನೆ ಇಷ್ಟೆ: ಮಾರುವ ಮುನ್ನ ಸಾಲಗಾರನ ಮಾತನ್ನು ಕೇಳುವವರು ಯಾರು? ಮಾರಿದ ಮೇಲೆ ಅವನ ಮಕ್ಕಳಿಗೆ ಸೂರು ಎಲ್ಲಿ?

ಈ ಪ್ರಶ್ನೆ ನಮ್ಮದೂ ಹೌದು. 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು 60 ದಿನಗಳ ನೋಟೀಸು ಕೊಟ್ಟು, ಮೊದಲು ಕೋರ್ಟಿನ ಡಿಕ್ರಿ ಪಡೆಯದೆಯೇ, ಅಡವಿನ ಸ್ವತ್ತನ್ನು ಸ್ವಾಧೀನಪಡಿಸಿಕೊಂಡು ಮಾರಬಹುದು. ಸಾಲಗಾರ ಆಮೇಲೆ ಸಾಲ ವಸೂಲಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕು. ಕೃಷಿ ಭೂಮಿಯನ್ನು ಈ ಕಾಯಿದೆ ಹೊರಗಿಟ್ಟಿದೆ, ಸಂತೋಷ. ಆದರೆ ಗಿರಣಿ ಕಾರ್ಮಿಕ ಅಡವಿಟ್ಟ ಎರಡು ಕೋಣೆಯ ಮನೆ, ಚಿಲ್ಲರೆ ವ್ಯಾಪಾರಿ ಅಡವಿಟ್ಟ ಮಳಿಗೆ ಅದರೊಳಗೇ ಇವೆ.

ಆದ್ದರಿಂದ ನಾವು ಒತ್ತಾಯಿಸುತ್ತೇವೆ: ವಾಸದ ಒಂದು ಮನೆಯೂ ಜೀವನೋಪಾಯದ ಒಂದು ಮಳಿಗೆಯೂ ನ್ಯಾಯಾಧೀಶರ ವಿಚಾರಣೆಯಿಲ್ಲದೆ ಹರಾಜಾಗಕೂಡದು. ಕೆಲಸ ಹೋದವನಿಗೆ, ಕಾಯಿಲೆ ಬಿದ್ದವನಿಗೆ ಹೆಚ್ಚಿನ ವಾಯಿದೆ ಕಾಯಿದೆಯಿಂದಲೇ ಸಿಗಬೇಕು. ಗಿರಣಿಯ ಸಂಘವೂ ಪೇಟೆಯ ವರ್ತಕರೂ ಒಂದೇ ಮನವಿಗೆ ರುಜು ಹಾಕಲಿ. ಇಷ್ಟು ದಿನ ಸಾಲದ ಕಾಗದಕ್ಕೆ ಒಬ್ಬೊಬ್ಬರಾಗಿ ರುಜು ಹಾಕಿದ್ದೇವೆ. ಹಕ್ಕಿನ ಕಾಗದಕ್ಕೆ ಒಟ್ಟಾಗಿ ಹಾಕೋಣ.