ನಾಲ್ಕು ಬದಿ ಸರಿ, ಸೈಟು ಮಾತ್ರ ಓರೆ

ಮೂಡಲಪಾಳ್ಯದ ಹೆಸರಿನಲ್ಲಿ ಮೂಡಲು ಇದೆ. ಊರು ಇರುವುದು ಬೆಂಗಳೂರಿನ ಪಡುವಲಿಗೆ, ವಿಜಯನಗರ ದಾಟಿ ನಾಗರಬಾವಿಯ ಕಡೆಗೆ. ಎಲ್ಲಿ ನಿಂತು ನೋಡಿದರೆ ಮೂಡಲು ಎಂಬುದನ್ನು ಹೆಸರು ಹೇಳುವುದಿಲ್ಲ. ರೇಖಾಗಣಿತದ ಪುಸ್ತಕ ಬಿಂದುವಿನಿಂದ ಶುರುವಾಗುವುದು ಇದಕ್ಕೇ ಎಂದು ನಾನು ಮಕ್ಕಳ ಹತ್ತಿರ ತಮಾಷೆ ಮಾಡುವುದುಂಟು. ಈ ವಾರದ ಪಾಠ ಮಾತ್ರ ಬಿಂದುವಿನದಲ್ಲ, ಸೈಟಿನದು.

ಸಂಜೆ ಲೆಕ್ಕ ಹೇಳಿಸಿಕೊಳ್ಳಲು ನಮ್ಮ ಮನೆಗೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬರುತ್ತಿದ್ದ. ಅವನ ತಂದೆ ಇಲ್ಲಿಯೇ ಒಂದು ಹಳೆಯ ಓಣಿಯಲ್ಲಿ 30×40ರ ಸೈಟು ನೋಡಿ ಅಡ್ವಾನ್ಸ್ ಕೊಟ್ಟು ಬಂದಿದ್ದರು. ರಿಜಿಸ್ಟ್ರೇಷನ್ ಇನ್ನೂ ಆಗಿರಲಿಲ್ಲ. ಭಾನುವಾರ ಅಪ್ಪ, ಮಗ ಇಬ್ಬರೂ ಟೇಪು ಹಿಡಿದು ನಾಲ್ಕೂ ಬದಿ ಅಳೆದರಂತೆ.

"ರಸ್ತೆ ಕಡೆ ಮೂವತ್ತು, ಹಿಂದೆ ಮೂವತ್ತು, ಎರಡು ಪಕ್ಕ ನಲವತ್ತು ನಲವತ್ತು. ಸಾವಿರದ ಇನ್ನೂರು ಚದರ ಅಡಿ ಸರಿಯಾಗಿದೆ ಸಾರ್" ಎಂದ.

"ಮೂಲೆಯಿಂದ ಮೂಲೆಗೆ ಹಿಡಿದಿರೇನೋ?"

"ಇಲ್ಲ ಸಾರ್. ಮಧ್ಯೆ ಪಾರ್ಥೇನಿಯಂ ಬೆಳೆದಿತ್ತು."

ಆ ದಿನ ಪುಸ್ತಕ ತೆಗೆಸಲಿಲ್ಲ. ಕಡ್ಡಿಪೊರಕೆಯಿಂದ ಏಳು ಕಡ್ಡಿ ಮುರಿಸಿದೆ. ಸೈಕಲ್ ಅಂಗಡಿಯಲ್ಲಿ ಸಿಗುವ ವಾಲ್ವ್ ಟ್ಯೂಬನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಅದರೊಳಗೆ ಕಡ್ಡಿಯ ತುದಿಗಳನ್ನು ತೂರಿಸಿ, ಮೂರು ಕಡ್ಡಿಯದೊಂದು, ನಾಲ್ಕು ಕಡ್ಡಿಯದೊಂದು ಆಕಾರ ಮಾಡಿಸಿದೆ. ತಂದೆತಾಯಂದಿರೂ ಮಾಡಿಸಿ ನೋಡಬಹುದು, ಖರ್ಚು ಏನೂ ಇಲ್ಲ. ತ್ರಿಭುಜವನ್ನು ಎಷ್ಟು ಒತ್ತಿದರೂ ಅದು ಜಗ್ಗುವುದಿಲ್ಲ. ಚತುರ್ಭುಜವನ್ನು ಬೆರಳಿನಿಂದ ತಳ್ಳಿದರೆ ಸಾಕು, ವಾಲಿಕೊಳ್ಳುತ್ತದೆ. ಇನ್ನಷ್ಟು ತಳ್ಳಿದರೆ ಚಪ್ಪಟೆಯಾಗಿ ಮಲಗಿಬಿಡುತ್ತದೆ. ಬದಿಗಳು ಅವೇ ಕಡ್ಡಿಗಳು, ಒಂದು ಕೂದಲೆಳೆಯಷ್ಟೂ ಗಿಡ್ಡವಾಗಿಲ್ಲ. ಒಳಗಿನ ಜಾಗ ಮಾತ್ರ ಕರಗುತ್ತಾ ಹೋಯಿತು.

ಶಾಲೆಯಲ್ಲಿ "ಬಾ.ಬಾ.ಬಾ." ಎಂದು ಉರುಹೊಡೆಯುವ ಸರ್ವಸಮತೆಯ ನಿಯಮದ ಜೀವ ಇರುವುದು ಇಲ್ಲಿ. ಮೂರು ಬಾಹುಗಳ ಉದ್ದ ಗೊತ್ತಾದರೆ ತ್ರಿಭುಜದ ಆಕಾರ ನಿಶ್ಚಯವಾಯಿತು. ನಾಲ್ಕು ಬಾಹುಗಳಿಗೆ ಆ ಭಾಗ್ಯವಿಲ್ಲ. ವಿದ್ಯುತ್ ಗೋಪುರಗಳನ್ನು ನೋಡಿ, ಅಡ್ಡಡ್ಡ ಪಟ್ಟಿ ಕೊಟ್ಟು ತ್ರಿಭುಜಗಳನ್ನೇ ಹೆಣೆದಿರುತ್ತಾರೆ. ಅಂಗಡಿಗಳ ಕೊಲ್ಯಾಪ್ಸಿಬಲ್ ಗೇಟು ಇದಕ್ಕೆ ಉಲ್ಟಾ. ಅದರ ಚತುರ್ಭುಜಗಳು ಗಟ್ಟಿಯಾಗಿ ನಿಂತುಬಿಟ್ಟರೆ ಅಂಗಡಿ ತೆಗೆಯುವುದೇ ಆಗುವುದಿಲ್ಲ!

ಚತುರ್ಭುಜವನ್ನು ಹಿಡಿದು ನಿಲ್ಲಿಸಬೇಕಾದರೆ ಮೂಲೆಯಿಂದ ಎದುರು ಮೂಲೆಗೆ ಐದನೆಯ ಕಡ್ಡಿ ಬೇಕು. ಅದೇ ಕರ್ಣ. ಪಾಂಡವರ ಲೆಕ್ಕದಲ್ಲಿ ಬಿಟ್ಟುಹೋದವನ ಹೆಸರೇ ಇದಕ್ಕೂ ಇದೆ.

ಗಾರೆ ಕೆಲಸದ ಮೇಸ್ತ್ರಿಗಳು ಇದನ್ನು ಬಿಡುವುದಿಲ್ಲ. ಪಾಯದ ಗುರುತು ಹಾಕುವಾಗ ಗೂಟ ಹೊಡೆದು, ದಾರ ಎಳೆದು, ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡುತ್ತಾರೆ. ಗುರುತುಗಳ ನಡುವೆ 5 ಅಡಿ ಬಂದರೆ ಮೂಲೆ ಮಟ್ಟವಾಗಿದೆ ಎಂದರ್ಥ. ಅನುಭವಸ್ಥರು 6, 8, 10 ಇಟ್ಟುಕೊಳ್ಳುತ್ತಾರೆ. ತ್ರಿಭುಜ ದೊಡ್ಡದಾದಷ್ಟೂ ಟೇಪಿನ ಅರ್ಧ ಅಂಗುಲದ ತಪ್ಪು ಕೋನವನ್ನು ಕಡಿಮೆ ಕೆಡಿಸುತ್ತದೆ. ಪೈಥಾಗೊರಸ್ ಪ್ರಮೇಯದ ವಿಲೋಮ ಎಂದು ಹೇಳಿದರೆ ಅವರು ನಗಬಹುದು. ಪೈಥಾಗೊರಸ್‌ನ ಹೆಸರೇನೋ ಅದಕ್ಕೆ ಅಂಟಿಕೊಂಡಿದೆ. ಯಜ್ಞವೇದಿ ಕಟ್ಟಲು ಹಗ್ಗ ಹಿಡಿಯುವ ನಮ್ಮ ಶುಲ್ಬಸೂತ್ರಗಳಲ್ಲಿಯೂ ಈ ಸಂಬಂಧ ಇದೆ.

ಬೆಂಗಳೂರಿನ 30×40ರ ಸೈಟಿನಲ್ಲಿ ಒಂದು ಸ್ವಾರಸ್ಯವಿದೆ. 3, 4, 5ನ್ನು ಹತ್ತರಿಂದ ಗುಣಿಸಿ ನೋಡಿ. ಸೈಟು ನಿಜವಾದ ಆಯತವಾಗಿದ್ದರೆ ಅದರ ಕರ್ಣ ಕರಾರುವಾಕ್ಕಾಗಿ 50 ಅಡಿ. 40×60ಕ್ಕೆ ಈ ಸೌಭಾಗ್ಯವಿಲ್ಲ, ಅಲ್ಲಿ 72 ಅಡಿಯ ಮುಂದೆ ದಶಮಾಂಶ ಬಾಲ ಬರುತ್ತದೆ. ಇಷ್ಟು ಸುಲಭದ ಪರೀಕ್ಷೆ ಕೈಯಲ್ಲೇ ಇದ್ದರೂ ಸೈಟು ಕೊಳ್ಳುವವರು ನಾಲ್ಕು ಸುತ್ತು ನಡೆದು ಬಂದುಬಿಡುತ್ತಾರೆ.

ಮುಂದಿನ ಭಾನುವಾರ ಅಪ್ಪ, ಮಗ ಕುಡುಗೋಲು ಹಿಡಿದು ಗಿಡ ಸವರಿ ಅಳೆದರು. ಒಂದು ಕರ್ಣ 45 ಅಡಿ, ಇನ್ನೊಂದು ಐವತ್ತನಾಲ್ಕೂವರೆ. ಟೇಪು ತಪ್ಪು ಹಿಡಿದಿರಬಹುದೇ ಎಂದು ಹುಡುಗನಿಗೆ ಅನುಮಾನ. ಅದಕ್ಕೂ ಪರೀಕ್ಷೆ ಇದೆ. ಸಮಾಂತರ ಚತುರ್ಭುಜದಲ್ಲಿ ಎರಡು ಕರ್ಣಗಳ ವರ್ಗಗಳ ಮೊತ್ತ ನಾಲ್ಕು ಬಾಹುಗಳ ವರ್ಗಗಳ ಮೊತ್ತಕ್ಕೆ ಸಮ. ಇಲ್ಲಿ ಅದು 5000. 45ರ ವರ್ಗ 2025 ಕಳೆದರೆ 2975, ಅದರ ವರ್ಗಮೂಲ ಸುಮಾರು 54.5. ಟೇಪು ಸರಿಯಾಗಿತ್ತು, ಓರೆಯಾಗಿದ್ದದ್ದು ಸೈಟು.

ಇನ್ನು ವಿಸ್ತೀರ್ಣ. 45 ಅಡಿಯ ಕರ್ಣ ಸೈಟನ್ನು 30, 40, 45ರ ಎರಡು ತ್ರಿಭುಜ ಮಾಡುತ್ತದೆ. ಪರೀಕ್ಷೆಗೆ ಮಾತ್ರ ಎಂದು ನೀವು ತಿಳಿದಿರುವ ಹೆರಾನನ ಸೂತ್ರ ಈಗ ಕೆಲಸಕ್ಕೆ ಬರುತ್ತದೆ. ಅರ್ಧ ಸುತ್ತಳತೆ 57.5, ಅದರಿಂದ ಒಂದೊಂದೇ ಬಾಹು ಕಳೆದರೆ 27.5, 17.5, 12.5. ನಾಲ್ಕನ್ನೂ ಗುಣಿಸಿ ವರ್ಗಮೂಲ ತೆಗೆದರೆ 588. ಎರಡು ತ್ರಿಭುಜಕ್ಕೆ 1176 ಚದರ ಅಡಿ. ಕಡಿಮೆಯಾದದ್ದು 24 ಚದರ ಅಡಿ, ಅಂದರೆ 6×4ರ ಒಂದು ಬಚ್ಚಲುಮನೆ.

ನಷ್ಟ ಅಷ್ಟೇ ಎಂದು ಹುಡುಗ ಸಮಾಧಾನಪಟ್ಟುಕೊಂಡ. ನಾನು ಬಿಡಲಿಲ್ಲ. ಸೈಟಿನ ಲಂಬ ಎತ್ತರ ಎಷ್ಟು? 588 ಎಂದರೆ 30ರ ಅರ್ಧ ಗುಣಿಸು ಎತ್ತರ. ಎತ್ತರ ಸುಮಾರು 39.2 ಅಡಿ. ನಲವತ್ತರ ಬದಿ ವಿಕರ್ಣ, ಇದು ಒಂದು ಬಾಹು. ಉಳಿದ ಬಾಹು ಪೈಥಾಗೊರಸ್ ಪ್ರಕಾರ ಸುಮಾರು 8 ಅಡಿ. ಹಿಂದಿನ ಗಡಿ 8 ಅಡಿ ಪಕ್ಕಕ್ಕೆ ಸರಿದಿದೆ ಎಂದಾಯಿತು. ರಸ್ತೆಗೆ ಸಮನಾಗಿ, ಹಿಂದಿನ ಗಡಿಯವರೆಗೆ ನೇರ ಗೋಡೆ ಎಬ್ಬಿಸಿದರೆ ಅಗಲ 30 ಅಲ್ಲ, 22. ಸುತ್ತಲೂ ಬಿಡಬೇಕಾದ ಜಾಗ ಬೇರೆ. ಹುಡುಗ ಪೆನ್ಸಿಲ್ ಕೆಳಗಿಟ್ಟ. ಅಪ್ಪ ಬರೆಸಿದ್ದ ಪ್ಲಾನು 30 ಅಡಿ ಅಗಲದ ಆಯತವನ್ನೇ ನಂಬಿಕೊಂಡಿತ್ತು.

ಈ ಜಗಳ ಹಳೆಯದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನನ್ನು ತನ್ನ ಗ್ರಂಥದ ಆರಂಭದಲ್ಲಿ ಹೊಗಳಿರುವ ಮಹಾವೀರಾಚಾರ್ಯ 9ನೆಯ ಶತಮಾನದ 'ಗಣಿತಸಾರಸಂಗ್ರಹ'ದಲ್ಲಿ ಕ್ಷೇತ್ರಗಣಿತಕ್ಕೆ ಒಂದು ಅಧ್ಯಾಯವನ್ನೇ ಇಟ್ಟಿದ್ದಾನೆ. ಎದುರುಬದುರು ಬದಿಗಳ ಮೊತ್ತದ ಅರ್ಧಗಳನ್ನು ಗುಣಿಸುವುದು ಅವನು ಹೇಳುವ ಒರಟು ಲೆಕ್ಕ, ವ್ಯಾವಹಾರಿಕ, ಸರಿಯಾದದ್ದು ಸೂಕ್ಷ್ಮ. ಒರಟು ಲೆಕ್ಕಕ್ಕೆ ನಮ್ಮ ಓರೆ ಸೈಟೂ 1200. ನಾಲ್ಕೇ ಬಾಹುಗಳಿಂದ ವಿಸ್ತೀರ್ಣ ಕೊಡುವ ಬ್ರಹ್ಮಗುಪ್ತನ ಪ್ರಸಿದ್ಧ ಸೂತ್ರವೂ ಇಲ್ಲಿ 1200 ಎಂದೇ ಹೇಳುತ್ತದೆ, ಏಕೆಂದರೆ ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲಿದ್ದರೆ ಮಾತ್ರ ಅದು ಸರಿ. 1150ರ 'ಲೀಲಾವತಿ'ಯಲ್ಲಿ ಭಾಸ್ಕರಾಚಾರ್ಯನಿಗೆ ಇದೇ ವಿಷಯದಲ್ಲಿ ಸಿಟ್ಟು ಬಂದಿದೆ. ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ ಚತುರ್ಭುಜದ ಫಲ ಕೇಳುವವನು ಪಿಶಾಚಿ, ಉತ್ತರ ಹೇಳುವವನು ಅದಕ್ಕಿಂತ ದೊಡ್ಡ ಪಿಶಾಚಿ ಎಂಬರ್ಥದ ಮಾತು ಹೇಳಿದ್ದಾನೆ. (ಭಾಸ್ಕರನ ಊರು ನಮ್ಮ ವಿಜಯಪುರವೋ ಮಹಾರಾಷ್ಟ್ರದ್ದೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ.) ಕನ್ನಡದಲ್ಲಿಯೇ 12ನೆಯ ಶತಮಾನದ ರಾಜಾದಿತ್ಯ 'ಕ್ಷೇತ್ರಗಣಿತ' ಎಂಬ ಗ್ರಂಥ ಬರೆದಿದ್ದಾನೆ. ಕನ್ನಡ ಮಾಧ್ಯಮದಲ್ಲಿ ರೇಖಾಗಣಿತ ಕಷ್ಟ ಎನ್ನುವವರು ಈ ಹೆಸರು ನೆನಪಿಡಲಿ.

ಇಡೀ ದೇಶವನ್ನು ಅಳೆದವರೂ ತ್ರಿಭುಜವನ್ನೇ ನಂಬಿದರು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ, 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಒಂದೊಂದು ಆಧಾರರೇಖೆಯನ್ನು ಸರಪಳಿ ಹಿಡಿದು ಅಳೆದ. ಅಲ್ಲಿಂದ ಮುಂದೆ ಬಹುಪಾಲು ಕೋನಗಳದೇ ಕೆಲಸ.

ಮೂಡಲಪಾಳ್ಯದ ಸೈಟಿನ ಯಜಮಾನರು, "ನಾಲ್ಕು ಕಡೆ ಅಳತೆ ಸರಿ ಇದೆಯಲ್ಲ ಸ್ವಾಮಿ, ಇನ್ನೇನು?" ಎಂದರಂತೆ. ಹುಡುಗ ಜೇಬಿನಿಂದ ಕಡ್ಡಿಯ ಚತುರ್ಭುಜ ತೆಗೆದು, ಅವರ ಮುಂದೆಯೇ ಮೆಲ್ಲಗೆ ತಳ್ಳಿ ತೋರಿಸಿದನಂತೆ. 1176 ಚದರ ಅಡಿಗೆ ರೇಟು ಹಾಕಿ ಕ್ರಯಪತ್ರ ಆಯಿತು. ಪ್ಲಾನು ಎರಡು ಸಲ ಬದಲಾಯಿತು. ಓರೆಯಲ್ಲಿ ಉಳಿದ ಮೂಲೆಯಲ್ಲಿ ಈಗ ಒಂದು ನುಗ್ಗೆಮರ ಇದೆ.

ನಿಮಗೊಂದು ಲೆಕ್ಕ: ಬದಿಗಳು 30, 40, 30, 40 ಇರುವ ಸೈಟಿನಲ್ಲಿ ಒಂದು ಕರ್ಣ ಸರಿಯಾಗಿ 50 ಬಂದಿದೆ. ಎರಡನೆಯ ಕರ್ಣಕ್ಕಾಗಿ ಮತ್ತೆ ಗಿಡ ಸವರಬೇಕೇ, ಬೇಡವೇ? ಕಾರಣ ಬರೆಯಿರಿ.