ಆಸ್ಪತ್ರೆ: ಹಾಜರಿಯಷ್ಟೇ ದುಡಿಮೆಯಲ್ಲ

ತ್ಯಾವಣಿಗೆ ಸೀಮೆಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡಾಗ ಮನೆಯವರು ಮೊದಲು ವಿಚಾರಿಸುವುದು ‘ಇವತ್ತು ಡ್ಯೂಟಿಯಲ್ಲಿ ಯಾರಿದ್ದಾರೆ?’ ಎಂದು. ಉತ್ತರ ಸಮಾಧಾನ ತರದಿದ್ದರೆ ವಾಹನ ಚನ್ನಗಿರಿಗೋ ದಾವಣಗೆರೆಗೋ ಹೊರಡುತ್ತದೆ. ಸರ್ಕಾರಿ ಆಸ್ಪತ್ರೆಯ ಉತ್ಪಾದಕತೆಯನ್ನು ಜನ ಅಳೆಯುವ ಬಗೆ ಇದು. ಇಲಾಖೆಯ ಅಳತೆಗೋಲು ಬೇರೆ: ಹಾಜರಾತಿ, ಗುರಿ, ಸಾಧನೆ, ಶೇಕಡಾವಾರು.

ಹಾಜರಾತಿಯನ್ನಷ್ಟೇ ಬಿಗಿಗೊಳಿಸಿದರೆ ಏನಾಗುತ್ತದೆಂಬುದನ್ನು ನಮ್ಮ ರಾಜ್ಯವೇ ಪರೀಕ್ಷಿಸಿ ನೋಡಿದೆ. 2010ರ ನಂತರ 5 ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬೆರಳಚ್ಚು ಯಂತ್ರಗಳನ್ನು ಅಳವಡಿಸಲಾಯಿತು. ಅರ್ಥಶಾಸ್ತ್ರಜ್ಞರಾದ ಇಕ್ಬಾಲ್ ಧಾಲಿವಾಲ್ ಮತ್ತು ರೀಮಾ ಹನ್ನಾ ಅದರ ಫಲವನ್ನು ಅಧ್ಯಯನ ಮಾಡಿದರು. ಸಿಬ್ಬಂದಿಯ ಹಾಜರಾತಿ ಶೇ 15ರಷ್ಟು ಹೆಚ್ಚಿತು. ಕಡಿಮೆ ತೂಕದ ಶಿಶುಗಳ ಜನನವೂ ತಗ್ಗಿತು. ಇದು ಸಣ್ಣ ಗಳಿಕೆಯಲ್ಲ. ಆದರೆ ಹೆಚ್ಚಿದ್ದು ದಾದಿಯರು, ಔಷಧ ವಿತರಕರು, ಪ್ರಯೋಗಾಲಯ ತಂತ್ರಜ್ಞರ ಹಾಜರಾತಿ; ವೈದ್ಯರದು ಹೆಚ್ಚೇನೂ ಬದಲಾಗಲಿಲ್ಲ. ಯಂತ್ರ ಕೊಟ್ಟ ಮಾಹಿತಿಯನ್ನು ಆಧರಿಸಿ ಕ್ರಮ ಕೈಗೊಳ್ಳಲು ಮೇಲಧಿಕಾರಿಗಳು ಹಿಂಜರಿದರು. ಯಂತ್ರವಿದ್ದ ಕೇಂದ್ರಗಳಲ್ಲಿ ಅತೃಪ್ತಿ ಹೆಚ್ಚಿತು, ಹೊಸಬರನ್ನು ನೇಮಿಸಿಕೊಳ್ಳುವುದೂ ಕಷ್ಟವಾಯಿತು.

ಇದರಲ್ಲಿ ನನಗೆ ಆಶ್ಚರ್ಯವೇನೂ ಕಾಣುವುದಿಲ್ಲ. ನಿಯಮ ಕೆಳಗಿನವರಿಗೆ ಮಾತ್ರ ಎಂದು ದಾದಿಗೆ ಅನ್ನಿಸಿದ ದಿನ ಅವಳು ಬೆರಳೊತ್ತುತ್ತಾಳೆ, ಆದರೆ ಮನಸ್ಸೊತ್ತಿ ದುಡಿಯುವುದಿಲ್ಲ. ದುಡಿಮೆಯೆಂಬುದು ಭಾಗಶಃ ಉಡುಗೊರೆಗಳ ವಿನಿಮಯವೆಂದು ಜಾರ್ಜ್ ಅಕರ್ಲಾಫ್ 1982ರಲ್ಲೇ ವಾದಿಸಿದ್ದರು. ನಮ್ಮ ಮಾಸಿಕ ಪರಿಶೀಲನಾ ಸಭೆಗಳಲ್ಲಿ ಆ ಉಡುಗೊರೆಯ ಸ್ವರೂಪವನ್ನು ಸೇವಾವಧಿಯುದ್ದಕ್ಕೂ ಕಂಡಿದ್ದೇನೆ: ವೈದ್ಯಾಧಿಕಾರಿಯನ್ನು ಅವರ ಕೈಕೆಳಗಿನವರ ಎದುರೇ ನಿಲ್ಲಿಸಿ ಗದರಿಸುವುದು. ಆತ ಮರುದಿನ ಅದನ್ನೇ ದಾದಿಗೆ ದಾಟಿಸುತ್ತಾನೆ, ದಾದಿ ರೋಗಿಗೆ. (ಕಾಗದಪತ್ರ ಮಾತ್ರ ಸಕಾಲದಲ್ಲಿ ತಲುಪುತ್ತಿತ್ತು ಎನ್ನಿ.)

ಬೇರೆ ಬಗೆಯೂ ಸಾಧ್ಯವೆಂಬುದಕ್ಕೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಿದೆ. ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದ ಕಾಲದಲ್ಲಿ ಅದು ‘ಚಿಕಿತ್ಸೆ ಮೊದಲು, ಹಣ ನಂತರ’ ಎಂಬ ಧೋರಣೆಗೆ ಹೆಸರಾಯಿತು. ಹಣವಿಲ್ಲದವನನ್ನು ದಾಖಲಿಸಿಕೊಂಡ ಸಿಬ್ಬಂದಿಗೆ ಮೇಲಿನವರು ತಮ್ಮ ಬೆನ್ನಿಗಿದ್ದಾರೆಂಬ ಭರವಸೆ ಇಂಥ ಧೋರಣೆಯಿಂದಲೇ ಹುಟ್ಟುತ್ತದೆ. ಸ್ವಾಯತ್ತ ಸಂಸ್ಥೆಯ ನಿರ್ದೇಶಕರಿಗಿರುವ ಅಧಿಕಾರ ಹಳ್ಳಿಯ ವೈದ್ಯಾಧಿಕಾರಿಗೆ ಇಲ್ಲ, ನಿಜ. ಗುತ್ತಿಗೆ ದಾದಿಯ ವೇತನ ತಡವಾದರೆ ಆತ ಮಾಡಬಹುದಾದದ್ದು ಪತ್ರ ಬರೆಯುವುದಷ್ಟೇ. ಆದರೆ ರಾತ್ರಿ ಪಾಳಿಯನ್ನು ಎಲ್ಲರಿಗೂ ಸಮನಾಗಿ ಹಂಚುವುದಕ್ಕೆ, ರಜೆಯ ಅರ್ಜಿಗೆ ಅದೇ ದಿನ ಉತ್ತರಿಸುವುದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.

ಇಲಾಖೆ ಒಂದು ಕೆಲಸ ಮಾಡಲಿ. ತಾಲ್ಲೂಕು ಆರೋಗ್ಯಾಧಿಕಾರಿ ಮತ್ತು ವೈದ್ಯಾಧಿಕಾರಿಗಳ ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ ಅವರ ಕೈಕೆಳಗೆ ದುಡಿಯುವವರ ಅಭಿಪ್ರಾಯಕ್ಕೂ ಒಂದು ಕಲಂ ಇರಲಿ. ಅಭಿಪ್ರಾಯ ಕೊಟ್ಟವರ ಹೆಸರು ಗೋಪ್ಯವಾಗಿರಲಿ. ಪ್ರಯೋಗವನ್ನು ಚನ್ನಗಿರಿ ತಾಲ್ಲೂಕಿನಿಂದಲೇ ಆರಂಭಿಸಬಹುದು.