ತಾಂಡೂರಿನ ದಾರಿಗೆ ಎಷ್ಟು ದಪ್ಪದ ಕಾಂಕ್ರೀಟು?

ತೆಲಂಗಾಣದ ತಾಂಡೂರಿನಿಂದ ಹೊರಟ ಲಾರಿಯಲ್ಲಿ ಸಿಮೆಂಟ್ ಚೀಲ ಇರುತ್ತದೆ, ಇಲ್ಲವೇ ಪರಸಿ ಕಲ್ಲು. ಎರಡೂ ಜಾಗಕ್ಕಿಂತ ತೂಕ ಜಾಸ್ತಿ ತಿನ್ನುವ ಸರಕು. ಗಡಿ ದಾಟಿ ಕರ್ನಾಟಕದ ಚಿಂಚೋಳಿ, ಸೇಡಂ, ಮಳಖೇಡಕ್ಕೆ ಹೋದರೂ ಅದೇ ಸುಣ್ಣಕಲ್ಲಿನ ನೆಲ, ಅಂಥವೇ ಕಾರ್ಖಾನೆಗಳು. ಅತ್ತ ಜಹೀರಾಬಾದಿನಲ್ಲಿ ಹೆದ್ದಾರಿ 65ರ ಮೇಲೆ ಪುಣೆ–ಹೈದರಾಬಾದ್ ಲಾರಿಗಳ ಸಾಲು. ಸಿಮೆಂಟು ನಮ್ಮ ನೆಲದ್ದು, ದಾರಿ ಮಾತ್ರ ತಗ್ಗು ಬಿದ್ದ ಡಾಂಬರಿನದ್ದು ಎಂಬ ಈ ಭಾಗದ ಜನರ ಸಂಕಟ ನ್ಯಾಯವಾದದ್ದೇ. ಹಾಗಾದರೆ ಎಲ್ಲ ಕಡೆ ಕಾಂಕ್ರೀಟು ಹಾಕಿಬಿಡೋಣವೇ?

ಹಾಕಬೇಕು ಎನ್ನುವವರ ವಾದದಲ್ಲಿ ಹುರುಳಿದೆ. 1958–60ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ಬಂದ ಲೆಕ್ಕದಂತೆ, ಆಕ್ಸೆಲ್ ಭಾರ ಏರಿದಂತೆ ರಸ್ತೆಗಾಗುವ ಹಾನಿ ಸುಮಾರು ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಆಕ್ಸೆಲ್‌ನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ಭಾರ ಏರಿದ್ದು ಶೇ 13ರಷ್ಟು. ನಾಲ್ಕನೇ ಘಾತದಲ್ಲಿ ನೋಡಿದರೆ ಹಾನಿ ಶೇ 60ರಷ್ಟು. ಡಾಂಬರು ಪ್ರತಿಯೊಂದು ಭಾರದ ಚಕ್ರಕ್ಕೂ ಸ್ವಲ್ಪ ಸ್ವಲ್ಪ ಸವೆಯುತ್ತದೆ.

ಕಾಂಕ್ರೀಟಿನ ಸ್ವಭಾವ ಬೇರೆ. ಭಾರತೀಯ ರಸ್ತೆ ಕಾಂಗ್ರೆಸ್‌ನ 2015ರ ಐಆರ್‌ಸಿ 58 ಸಂಹಿತೆ ಇದನ್ನು ಬಿಡಿಸಿ ಹೇಳುತ್ತದೆ. ಕಾಂಕ್ರೀಟಿನ ಹಾಸಿನಲ್ಲಿ ಏಳುವ ಒತ್ತಡ ಅದರ ಬಾಗುವ ಬಲದ ಶೇ 45 ದಾಟದಿದ್ದರೆ ಲಾರಿ ಎಷ್ಟು ಸಲ ಹೋದರೂ ಚಿಂತೆಯಿಲ್ಲ. ಶೇ 50 ಆದರೆ ಸುಮಾರು 7.6 ಲಕ್ಷ ಸಲ ತಡೆಯುತ್ತದೆ. ಶೇ 65 ಆದರೆ? 7,700 ಸಲ, ಅಷ್ಟೇ. ಹಾಗಾಗಿ ಬಸ್ಸು, ಜೀಪು, ಖಾಲಿ ಮರಳುವ ಟಿಪ್ಪರ್ ಇವೆಲ್ಲ ಇಲ್ಲಿ ಲೆಕ್ಕಕ್ಕೆ ಬಾರದಷ್ಟು ಹಗುರ. ಹಾಸಿನ ಆಯುಷ್ಯ ನಿಂತಿರುವುದು ಮಿತಿ ಮೀರಿ ತುಂಬಿದ ಕೆಲವೇ ಲಾರಿಗಳ ಮೇಲೆ. ದಿನಕ್ಕೆ ಎಷ್ಟು ಗಾಡಿ ಎಂದು ಎಣಿಸಿದರೆ ಸಾಲದು, ಒಂದೊಂದು ಆಕ್ಸೆಲ್‌ನ ತೂಕ ತಿಳಿಯಬೇಕು.

ಬಿಸಿಲೂ ಈ ಲೆಕ್ಕದಲ್ಲಿ ಸೇರುತ್ತದೆ. ಹಗಲು ಹಾಸಿನ ಮೇಲ್ಮೈ ಕಾದು ನಡುಭಾಗ ಉಬ್ಬಲು ನೋಡುತ್ತದೆ, ಆಗ ಭಾರ ಬಿದ್ದರೆ ಬಿರುಕು ತಳದಿಂದ ಏಳುತ್ತದೆ. ರಾತ್ರಿ ಮೇಲ್ಮೈ ತಣಿದು ಅಂಚುಗಳು ಏಳುತ್ತವೆ. ಲಾರಿಯ ಮುಂದಿನ, ಹಿಂದಿನ ಚಕ್ರಗಳು ನಾಲ್ಕೂವರೆ ಮೀಟರಿನ ಒಂದೇ ಹಾಸಿನ ಎರಡು ತುದಿಯಲ್ಲಿ ಕೂತರೆ ಬಿರುಕು ಮೇಲಿನಿಂದ ಹುಟ್ಟುತ್ತದೆ. ಹೈದರಾಬಾದಿನಲ್ಲಿ ಹಗಲು ಭಾರಿ ಲಾರಿಗಳಿಗೆ ನಿರ್ಬಂಧ ಇರುವುದರಿಂದ ಜಹೀರಾಬಾದ್ ದಾರಿಯಲ್ಲಿ ರಾತ್ರಿಯ ಭಾರವನ್ನು ಅಲಕ್ಷಿಸುವಂತಿಲ್ಲ.

ಬೇಡ ಎನ್ನುವವರು ಎರೆ ಮಣ್ಣನ್ನು ತೋರಿಸುತ್ತಾರೆ, ಅವರ ಮಾತನ್ನೂ ತಳ್ಳಿಹಾಕಲಾಗದು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲ ಅದು. ನೀರು ಹೊರಹೋಗುವ ವ್ಯವಸ್ಥೆ ಕೆಟ್ಟ ಕಡೆ, ಮಳೆ ನಿಂತ ಮರುದಿನ ಎರಡು ಹಾಸುಗಳ ಸಂದಿಯ ಪಕ್ಕ ಕೂತು ನೋಡಿ. ತುಂಬಿದ ಲಾರಿ ಹಾಯ್ದ ಕ್ಷಣ ಸಂದಿಯಿಂದ ಕೆಸರುನೀರು ಪಿಚಕ್ಕನೆ ಚಿಮ್ಮುತ್ತದೆ. ಹಾಗೆ ಒಳಗಿನ ಮಣ್ಣು ಹೊರಬಂದು ಮೂಲೆ ಟೊಳ್ಳಾಗಿ, ಒಂದು ದಿನ ಮುರಿಯುತ್ತದೆ. ಡಾಂಬರಿನ ತಗ್ಗನ್ನು ಒಂದೇ ದಿನದಲ್ಲಿ ಮುಚ್ಚಬಹುದು. ಮುರಿದ ಹಾಸನ್ನು ಒಡೆದು ತೆಗೆದು ಹೊಸದು ಹಾಕಿ, ಅದು ಗಟ್ಟಿಯಾಗುವವರೆಗೆ ದಾರಿ ಬಿಡುವಂತಿಲ್ಲ. ಮೊದಲ ಖರ್ಚೂ ಹೆಚ್ಚು. 30 ವರ್ಷಕ್ಕೆಂದು ಕಟ್ಟಿದ್ದು ಐದೇ ವರ್ಷಕ್ಕೆ ಬಿರುಕು ಬಿಟ್ಟರೆ ಆ ದುಡ್ಡು ಹೋದಂತೆಯೇ.

ದಪ್ಪ ಇನ್ನೂ ಹೆಚ್ಚಿಸಿದರಾಯಿತಲ್ಲ ಎನ್ನಬಹುದು. ಆದರೆ ಹೆಚ್ಚು ಹೇರಿದವನ ಲಾಭಕ್ಕೆ ಊರೆಲ್ಲ ತೆರಿಗೆ ಕಟ್ಟಿದ ಹಾಗಾಗುತ್ತದೆ ಅದು. ಒಂದೇ ಲಾರಿ ಇಟ್ಟುಕೊಂಡ ಬಡ ಮಾಲೀಕನನ್ನೇ ಕಳ್ಳನೆಂದು ಹಿಡಿಯುವುದೂ ತಪ್ಪು. ಟನ್ ಲೆಕ್ಕದಲ್ಲಿ ಬಾಡಿಗೆ ಕೊಡುವವರು ಇರುವವರೆಗೆ ಅವನು ಜಾಸ್ತಿ ಹೇರುತ್ತಾನೆ, ಕಂತು ಕಟ್ಟಬೇಕಲ್ಲ.

ನನ್ನ ಮಟ್ಟಿಗೆ, ನಾರಾಯಣಖೇಡದಿಂದ ಹಳ್ಳಿಗಳಿಗೆ ಹೋಗುವ ದಾರಿಗೆ ಒಳ್ಳೆಯ ಡಾಂಬರು ಸಾಕು. ತಾಂಡೂರಿನ ಕಾರ್ಖಾನೆ, ಗಣಿಗಳ ದಾರಿಗೆ, ಹೆದ್ದಾರಿ 65ರಲ್ಲಿ ಲಾರಿಗಳು ನಿಂತು ಹೊರಡುವ ಜಾಗಗಳಿಗೆ ಕಾಂಕ್ರೀಟೇ ಬೇಕು. ಆದರೆ ನಕ್ಷೆ ಬರೆಯುವ ಮೊದಲು ತೂಕದ ಕಾಂಟಾ ಆ ದಾರಿಯಲ್ಲೇ ಕೂರಬೇಕು. ಹೋಗುವ ದಿಕ್ಕಿಗೆ ಬೇರೆ, ಬರುವ ದಿಕ್ಕಿಗೆ ಬೇರೆ, ರಾತ್ರಿಯದೂ ಸೇರಿ. ರಸ್ತೆ ಮುಗಿದ ಮೇಲೆ ಅದೇ ಕಾಂಟಾ ಕಾರ್ಖಾನೆಯ ಗೇಟಿನಲ್ಲಿ ಉಳಿಯಬೇಕು.